ಸುರಪುರದ ಜಮಾಖರ್ಚು

ವ್ಯವಹಾರ ಆಡಳಿತದ ಪದವಿ ನಮ್ಮ ಕಡೆಗೆ ಬಂದದ್ದು ನಿನ್ನೆ ಮೊನ್ನೆ. ವ್ಯವಹಾರವಾಗಲಿ ಆಡಳಿತವಾಗಲಿ ನಿನ್ನೆ ಮೊನ್ನೆಯವಲ್ಲ. ನಾನು ಕನ್ನಡದ ಅಧ್ಯಾಪಕ. ಬಿ.ಬಿ.ಎ. ತರಗತಿಯಲ್ಲಿ ನನ್ನ ಪಾಲಿಗಿರುವುದು ಭಾಷೆಯ ಪತ್ರಿಕೆಯೊಂದೇ. ಯಾದಗಿರಿ, ಶಹಾಪುರ, ಸುರಪುರಗಳ ಸುತ್ತಿನ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರು ಬೆಳಗಿನಿಂದ ಇಂಗ್ಲಿಷಿನಲ್ಲಿ ಮಾರ್ಕೆಟಿಂಗು, ಅಕೌಂಟೆನ್ಸಿ ಎಂದು ಓದಿ ದಣಿದು ನನ್ನೆದುರು ಕುಳಿತುಕೊಳ್ಳುತ್ತಾರೆ. ಅವರ ಪಠ್ಯಗಳನ್ನು ನಾನೂ ಒಮ್ಮೊಮ್ಮೆ ತಿರುವಿಹಾಕುವುದುಂಟು. ಉದಾಹರಣೆಗಳೆಲ್ಲ ಬೋಸ್ಟನ್ನು, ಡೆಟ್ರಾಯಿಟ್ಟು, ಟೋಕಿಯೋದವು. ಕೃಷ್ಣೆ ಭೀಮೆಯರ ನಡುವಿನ ಈ ನೆಲದ್ದು ಒಂದೂ ಇಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲವೆನ್ನಿ. ವಿದ್ಯೆ ಹುಟ್ಟಿದ್ದೇ ಅಲ್ಲಿ. ಫಿಲಡೆಲ್ಫಿಯದ ವಾರ್ಟನ್ ಶಾಲೆ ತೆರೆದದ್ದು 1881ರಲ್ಲಿ. ಮುಂಬಯಿಯ ಸಿಡೆನ್‌ಹ್ಯಾಂ ವಾಣಿಜ್ಯ ಕಾಲೇಜು 1913ರದು. ಕಲ್ಕತ್ತೆ ಮತ್ತು ಅಹಮದಾಬಾದಿನ ಮ್ಯಾನೇಜ್‌ಮೆಂಟ್ ಸಂಸ್ಥೆಗಳು 1961ರವು, ಬೆಂಗಳೂರಿನದು 1973ರದು. ಆದರೆ ಶಾಲೆಗೆ ಮೊದಲೇ ಶಾಸ್ತ್ರವಿತ್ತು. ನಮ್ಮ ನೆರೆಯ ಮರ್ತೂರಿನವನೆಂದು ಹೇಳಲಾಗುವ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ. ವರ್ತಕರು ಕೂಡಿ ವ್ಯಾಪಾರ ಮಾಡಿದರೆ ಲಾಭನಷ್ಟಗಳನ್ನು ಹಾಕಿದ ದ್ರವ್ಯಕ್ಕೆ ತಕ್ಕಂತೆ, ಇಲ್ಲವೆ ಮೊದಲೇ ಆದ ಕರಾರಿನಂತೆ ಹಂಚಿಕೊಳ್ಳಬೇಕೆಂಬ ವಿಧಿ ಆ ಸ್ಮೃತಿಯಲ್ಲಿದೆ. 1932ರ ಪಾಲುದಾರಿಕೆ ಕಾಯಿದೆಯನ್ನು ಹುಡುಗರು ಬಾಯಿಪಾಠ ಮಾಡುತ್ತಾರೆ. ಅದು ಕರಾರಿಲ್ಲದಿದ್ದರೆ ಸಮಪಾಲು ಎನ್ನುತ್ತದೆ. ಎರಡರಲ್ಲಿ ಯಾವುದು ನ್ಯಾಯ ಎಂದು ಕೇಳಿದರೆ ತರಗತಿ ಎರಡು ಪಕ್ಷವಾಗುತ್ತದೆ. ಹೊಲ ಒಬ್ಬನದು, ದುಡಿಮೆ ಮತ್ತೊಬ್ಬನದು ಎಂಬ ಪಾಲಿನ ಬೇಸಾಯವನ್ನು ಕಂಡ ಮಕ್ಕಳಿಗೆ ಅದು ಪುಸ್ತಕದ ಪ್ರಶ್ನೆಯಲ್ಲ.

ಹನ್ನೆರಡನೆಯ ಶತಮಾನದ ಜೈನ ಕವಿ ರಾಜಾದಿತ್ಯನು ಕನ್ನಡದಲ್ಲೇ ‘ವ್ಯವಹಾರಗಣಿತ’ವನ್ನು ಬರೆದಿದ್ದ. ಅಂಗಡಿಯ ಲೆಕ್ಕವನ್ನು ಕನ್ನಡದಲ್ಲಿ ಹೇಳಲಾಗದು ಎನ್ನುವವರಿಗೆ ಈ ಹೆಸರೊಂದೇ ಸಾಕು.

ಲೆಕ್ಕದ ಮಾತಿಗೆ ಬಂದೆ. ಕಳೆದ ವರ್ಷ ಹುಡುಗನೊಬ್ಬ ಅಕೌಂಟ್ಸಿನಲ್ಲಿ ಮತ್ತೆ ಮತ್ತೆ ನಪಾಸಾಗುತ್ತಿದ್ದ. ಅಡತಿ ಅಂಗಡಿಯಲ್ಲಿ ರಜೆಗೆ ಗುಮಾಸ್ತಿಕೆ ಮಾಡುವವ. ಕಿರ್ದಿ, ಖಾತೆ ಎರಡೂ ಬಲ್ಲವ. “ಸರ, ಅಂಗಡ್ಯಾಗ ತಪ್ಪಂಗಿಲ್ಲ, ಪರೀಕ್ಷಾದಾಗ ಉಲ್ಟಾ ಆಗ್ತದ” ಎಂದ. ನಿಜವಾಗಿಯೂ ಉಲ್ಟಾ. ನಮ್ಮ ಹಳೆಯ ಖಾತೆವಹಿಯಲ್ಲಿ ಆಸಾಮಿಯ ಜಮೆ ಎಡಕ್ಕೆ, ಖರ್ಚು ಬಲಕ್ಕೆ; ಇಂಗ್ಲಿಷು ಪದ್ಧತಿಯ ಲೆಡ್ಜರಿನಲ್ಲಿ ಡೆಬಿಟ್ಟು ಎಡಕ್ಕೆ, ಕ್ರೆಡಿಟ್ಟು ಬಲಕ್ಕೆ. ಅವನಿಗೆ ಯಾರೂ ಈ ಒಂದು ಮಾತನ್ನು ಹೇಳಿರಲಿಲ್ಲ. ಬುದ್ಧಿ ಕಡಿಮೆಯೆಂದು ಅವನೇ ತೀರ್ಮಾನ ಮಾಡಿಕೊಂಡಿದ್ದ.

ಈ ಸೀಮೆಗೆ ಇಂಥ ಕಷ್ಟ ಹೊಸದೇನಲ್ಲ. ನಿಜಾಮರ ಕಾಲದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಸ್ಥಾಪನೆಯಾದಾಗ ಅಲ್ಲಿಯ ಬೋಧನಭಾಷೆ ಉರ್ದು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣವೆಂಬುದು ಆಗ ದೊಡ್ಡ ಸಾಹಸವೇ. ಆದರೆ ಮನೆಯಲ್ಲಿ ಕನ್ನಡ ಆಡುವವನಿಗೆ ಅದೂ ಪರಭಾಷೆಯೇ. 1948ರ ಸೆಪ್ಟೆಂಬರಿನಲ್ಲಿ ಆ ರಾಜ್ಯ ಮುಗಿಯಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಧಾರವಾಡದ ಕೈಕೆಳಗಿದ್ದ ಕಾಲೇಜುಗಳಿಗೆ 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂತು. ಈಚೆಗೆ ಯಾದಗಿರಿ ಜಿಲ್ಲೆಯ ಕಾಲೇಜುಗಳು ರಾಯಚೂರಿನ ಹೊಸ ವಿಶ್ವವಿದ್ಯಾಲಯಕ್ಕೆ ಸೇರಿವೆ. ಜಿಲ್ಲೆಯೇ ಹುಟ್ಟಿದ್ದು 2009ರ ಡಿಸೆಂಬರಿನಲ್ಲಿ. ಪದವಿಗೂ ಮೊದಲು ಬಿ.ಬಿ.ಎಂ. ಎಂಬ ಹೆಸರಿತ್ತು, ಆಮೇಲೆ ಬಿ.ಬಿ.ಎ. ಆಯಿತು. ಹೆಸರುಗಳ ಈ ವಂಶಾವಳಿ ಇಷ್ಟು ಸಾಕು.

ನನ್ನ ಆಸಕ್ತಿಯಿರುವುದು ಬೇರೆ ಕಡೆ. ಆಡಳಿತ ವಿದ್ಯೆಯ ಪಾಠವೊಂದು ಸುರಪುರದ ಗುಡ್ಡದ ಮೇಲೆಯೇ ನಡೆದುಹೋಗಿದೆ. ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವ. ಎಳೆಯ ವಯಸ್ಸಿನಲ್ಲೇ ವರ್ತಕರ ಕಚೇರಿಯಲ್ಲಿ ಗುಮಾಸ್ತನಾಗಿದ್ದವ. 1824ರಲ್ಲಿ ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿ ಬಂದರೆ, ಆ ವ್ಯಾಪಾರ ಮುಳುಗುವ ಸ್ಥಿತಿಯಲ್ಲಿತ್ತು. ಬೇರೆ ದಾರಿಯಿಲ್ಲದೆ ನಿಜಾಮರ ಸೈನ್ಯ ಸೇರಿದ. ಮುಂದೆ ಮದುವೆಯಾದದ್ದು ವಿಲಿಯಂ ಪಾಮರನ ಮಗಳನ್ನು. ನಿಜಾಮ ಸರ್ಕಾರಕ್ಕೆ ಭಾರಿ ಬಡ್ಡಿಯ ಸಾಲ ಕೊಟ್ಟು 1820ರ ದಶಕದಲ್ಲಿ ಬಿದ್ದುಹೋದ ಹೈದರಾಬಾದಿನ ಪಾಮರ್ ಕಂಪೆನಿಯ ಒಡೆಯ ಅವನೇ. ದಿವಾಳಿಯನ್ನು ಇಷ್ಟು ಹತ್ತಿರದಿಂದ ಕಂಡ ಮನುಷ್ಯ 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಅಧಿಕಾರಿಯಾಗಿ ಬಂದ.

ಸಂಸ್ಥಾನ ಆಗ ಸಾಲದಲ್ಲಿ ಮುಳುಗಿತ್ತು. ಪಟ್ಟದ ಮನ್ನಣೆಗೆಂದು ನಿಜಾಮ ಸರ್ಕಾರ ಕೇಳಿದ ನಜರಾಣೆಯ ಭಾರ ತಲೆಯ ಮೇಲಿತ್ತು. ಅರಸು ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಟೇಲರ್ ಲೆಕ್ಕಪತ್ರ ಸರಿಪಡಿಸಿದ, ಕಂದಾಯ ಗೊತ್ತುಮಾಡಿದ, ಕೆರೆಗಳ ಕಡೆ ಗಮನ ಕೊಟ್ಟ. ಬೋನಾಳದ ಕೆರೆ ಅವನ ಅಚ್ಚುಮೆಚ್ಚಿನ ಜಾಗ. ಯಾವ ಕಾಲೇಜನ್ನೂ ಕಾಣದ ಈತ ಕಾನೂನು, ಭೂಮಾಪನ, ಭಾಷೆಗಳನ್ನು ಬಹುಮಟ್ಟಿಗೆ ತಾನೇ ಓದಿ ಕಲಿತವ. ಬಾಲ ಅರಸು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. 1853ರಲ್ಲಿ ರಾಜ್ಯವನ್ನು ಅವನ ಕೈಗೊಪ್ಪಿಸಿ ಟೇಲರ್ ಹೊರಟುಹೋದ.

ಮುಂದಿನದು ಎಲ್ಲರೂ ಬಲ್ಲ ಕಥೆ. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಕಾಳಗವಾಯಿತು. ಅರಸು ಹೈದರಾಬಾದಿನಲ್ಲಿ ಸೆರೆಯಾದ. ಮರಣದಂಡನೆ ಕಡಿಮೆಯಾಗಿ ಚಂಗಲಪಟ್ಟಿನ ಕೋಟೆಗೆ ಕಳುಹಿಸುವ ದಾರಿಯಲ್ಲಿ ಗುಂಡಿನಿಂದ ಸತ್ತ. ತನ್ನನ್ನು ತಾನೇ ಹೊಡೆದುಕೊಂಡನೆಂದು ದಾಖಲೆ ಹೇಳುತ್ತದೆ. 1860ರಲ್ಲಿ ಬ್ರಿಟಿಷರಿಂದ ಸುರಪುರ ನಿಜಾಮರ ಪಾಲಾಯಿತು. ರಾಜ್ಯವೇ ಒಂದು ಬಾಬಿನಿಂದ ಮತ್ತೊಂದಕ್ಕೆ ವರ್ಗವಾದಂತೆ.

ಟೇಲರನ ಆತ್ಮಕಥೆ ಅವನು ತೀರಿಕೊಂಡ ಮರುವರ್ಷ, 1877ರಲ್ಲಿ, ಅಚ್ಚಾಯಿತು. ತಾನು ಹೋದ ಮೇಲೆ ಅರಸು ದುಂದುಗಾರನಾದನೆಂಬ ಕೊರಗು ಅದರಲ್ಲಿದೆ. ಅವನ ಪ್ರೀತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಅದು ಕಾರಭಾರಿಯೇ ಬರೆದ ವಹಿ. ಯಜಮಾನನ ಕೈಬರಹ ಅದರಲ್ಲಿಲ್ಲ. ಒಬ್ಬ ಅರಸನಿಗೆ ಜಮೆ ಖರ್ಚಿನ ಶಿಸ್ತನ್ನು ಕಲಿಸಿ, ಆ ಖರ್ಚಿನ ದೊಡ್ಡ ಬಾಬನ್ನು ಹೇರಿದವರು ಯಾರೆಂದು ಕೇಳದೆ ಉಳಿಯುವುದು ಎಂಥ ಆಡಳಿತ ಶಿಕ್ಷಣ? ನಮ್ಮ ಊರಿನವರು ವೆಂಕಟಪ್ಪ ನಾಯಕನನ್ನು ಹುತಾತ್ಮನೆಂದು ನೆನೆಯುವಾಗ ಅವನ ಆಯವ್ಯಯವನ್ನು ಕೇಳುವುದಿಲ್ಲ. ಇಂಗ್ಲಿಷು ಗ್ರಂಥಕಾರರು ಆಯವ್ಯಯದ ಮಾತೆತ್ತಿದಾಗ ಅವನ ಮಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ವಿಷಯವನ್ನು ಬಿ.ಬಿ.ಎ. ಹುಡುಗರಿಗೆ ಕನ್ನಡ ತರಗತಿಯಲ್ಲಿ ಪ್ರಬಂಧಕ್ಕೆ ಕೊಟ್ಟೆ. ಸುರಪುರದ 1842ರ ಸ್ಥಿತಿಯನ್ನು ಖಾತೆಯ ರೂಪದಲ್ಲಿ, ಅಂಕಿಗಳಿಲ್ಲದೆ, ಬಾಬುಗಳ ಹೆಸರು ಮಾತ್ರ ಹಾಕಿ ಬರೆಯಿರಿ ಎಂದೆ. ಅಡತಿ ಅಂಗಡಿಯ ಆ ಹುಡುಗನೇ ಹಲಗೆಯ ಮೇಲೆ ಗೆರೆ ಎಳೆದ. ಎಡಕ್ಕೆ ಕಂದಾಯ, ಕೆರೆ, ಸಂತೆಯ ಸುಂಕ. ಬಲಕ್ಕೆ ಸೈನಿಕರು, ಸಾಹುಕಾರರ ಬಡ್ಡಿ. ನಜರಾಣೆ ಎಂದು ಬರೆಯುವಾಗ ಕೈ ತಡೆಯಿತು. ಖರ್ಚು ಎಂದರೆ ಏನಾದರೂ ಕೊಂಡಿರಬೇಕು, ಸಾಲ ಎಂದರೆ ಏನಾದರೂ ಇಸಕೊಂಡಿರಬೇಕು, ಇದು ಎರಡೂ ಅಲ್ಲವಲ್ಲ ಸರ ಎಂದ. ಶಹಾಪುರದ ಹುಡುಗಿಯೊಬ್ಬಳು “ನಷ್ಟ ಅಂತ ಬರಿ” ಎಂದಳು. ಮತ್ತೊಬ್ಬಳು “ಕಳವು” ಎಂದಳು. ವಾದ ಮುಗಿಯುವ ಮೊದಲೇ ಗಂಟೆ ಹೊಡೆಯಿತು.