ಯಂತ್ರದ ಮಾದರಿಯನ್ನು ಕಟ್ಟಡದ ತಂತ್ರಾಂಶಕ್ಕೆ ಸಾಗಿಸುವುದು ಹೇಗೆ?

ದೊಡ್ಡ ಆಸ್ಪತ್ರೆ, ಹೋಟೆಲು ಅಥವಾ ಕಚೇರಿ ಸಂಕೀರ್ಣದ ಹವಾನಿಯಂತ್ರಣಕ್ಕೆ ಬೇಕಾದ ತಣ್ಣೀರನ್ನು ಒದಗಿಸುವುದು ಚಿಲ್ಲರ್ ಎಂಬ ಯಂತ್ರ. ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಅಥವಾ ತಾರಸಿಯ ಮೇಲೆ ಇದಕ್ಕೆ ಜಾಗ. ಇದನ್ನು ತಯಾರಕರು ಒಂದು ಬಗೆಯ ಗಣಕ ತಂತ್ರಾಂಶದಲ್ಲಿ ವಿನ್ಯಾಸಗೊಳಿಸಿದರೆ, ಕಟ್ಟಡವನ್ನು ವಾಸ್ತುಶಿಲ್ಪಿಗಳು ಮತ್ತೊಂದು ಬಗೆಯ ತಂತ್ರಾಂಶದಲ್ಲಿ ರೂಪಿಸುತ್ತಾರೆ. ಯಂತ್ರವು ಲಾರಿಯಲ್ಲಿ ಬಂದಿಳಿಯುವ ಎಷ್ಟೋ ತಿಂಗಳ ಮೊದಲೇ ಅದರ ಗಣಕ ಮಾದರಿಯು ಕಟ್ಟಡದ ಮಾದರಿಯೊಳಗೆ ಬಂದು ಕೂರಬೇಕು. ಕಡತವೊಂದನ್ನು ಕಳುಹಿಸಿ ತೆರೆಯುವಷ್ಟೇ ಸುಲಭವೆಂದು ಕಾಣುವ ಈ ಕಾರ್ಯವು ವಿನ್ಯಾಸ ಕ್ಷೇತ್ರದ ಹಳೆಯ ತೊಡಕುಗಳಲ್ಲಿ ಒಂದಾಗಿದೆ. ಇಲ್ಲಿ ಆಗುವ ತಪ್ಪು ಬಹುಮಟ್ಟಿಗೆ ಬೆಳಕಿಗೆ ಬರುವುದು ಕಟ್ಟಡ ಎದ್ದು ನಿಂತ ಮೇಲೆಯೇ.

ಎರಡು ತಂತ್ರಾಂಶ, ಎರಡು ದೃಷ್ಟಿ

ಯಂತ್ರ ವಿನ್ಯಾಸದ ತಂತ್ರಾಂಶಗಳಲ್ಲಿ ಪ್ರೊ-ಎಂಜಿನಿಯರ್, 1995ರಲ್ಲಿ ಬಂದ ಸಾಲಿಡ್‌ವರ್ಕ್ಸ್, 1999ರಲ್ಲಿ ಬಂದ ಇನ್ವೆಂಟರ್ ಹಾಗೂ ಫ್ರಾನ್ಸಿನ ದಸ್ಸೋ ಸಮೂಹದ ಕಟಿಯಾ ಪ್ರಮುಖವಾದವು. ಕಟ್ಟಡ ವಿನ್ಯಾಸದಲ್ಲಿ ಹಂಗೇರಿ ಮೂಲದ ಆರ್ಕಿಕ್ಯಾಡ್ ಮತ್ತು ಅಮೆರಿಕದ ರೆವಿಟ್ ಹೆಸರಾಗಿವೆ. ರೆವಿಟ್‌ನ ಮೊದಲ ಆವೃತ್ತಿ 2000ದಲ್ಲಿ ಬಿಡುಗಡೆಯಾಯಿತು. ಅದನ್ನು ಹುಟ್ಟುಹಾಕಿದ ಲಿಯೊನಿಡ್ ರೈಜ್ ಅದಕ್ಕೂ ಮುನ್ನ ಪ್ರೊ-ಎಂಜಿನಿಯರ್ ತಯಾರಿಸುವ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 2002ರಲ್ಲಿ ರೆವಿಟ್ ಅನ್ನು ಆಟೋಡೆಸ್ಕ್ ಸಂಸ್ಥೆ ಕೊಂಡುಕೊಂಡಿತು. ಇನ್ವೆಂಟರ್ ಕೂಡ ಇದೇ ಸಂಸ್ಥೆಯದು. ಆದರೂ ಇವೆರಡರ ನಡುವೆ ಕೂಡ ಮಾದರಿಯನ್ನು ಸಿದ್ಧತೆಯಿಲ್ಲದೆ ಸಾಗಿಸುವುದು ಸರಿಯಲ್ಲ. ಇದಕ್ಕೆ ಕಾರಣ ಅವುಗಳ ದೃಷ್ಟಿಭೇದ.

ಯಂತ್ರ ವಿನ್ಯಾಸಕನಿಗೆ ಬೇಕಾದುದು ಯಂತ್ರದ ಒಳಗಿನ ವಿವರ. ಪ್ರತಿ ಬೋಲ್ಟು, ಬೋಲ್ಟಿನ ಮರೆ, ಮೂಲೆಯ ದುಂಡುತನ, ಬೇರಿಂಗಿನ ಗುಂಡು ಎಲ್ಲವೂ ಮಿಲಿಮೀಟರಿನ ನೂರನೆಯ ಭಾಗದಷ್ಟು ನಿಖರವಾಗಿ ಮಾದರಿಯಲ್ಲಿ ಇರಬೇಕು. ಕಾರ್ಖಾನೆ ಅದನ್ನೇ ಆಧರಿಸಿ ಲೋಹವನ್ನು ಕತ್ತರಿಸುತ್ತದೆ. ಕಟ್ಟಡ ವಿನ್ಯಾಸಕನಿಗೆ ಇದಾವುದೂ ಬೇಡ. ಯಂತ್ರ ಎಷ್ಟು ಜಾಗ ಹಿಡಿಯುತ್ತದೆ, ಕೊಳವೆ ಎಲ್ಲಿ ಸೇರುತ್ತದೆ, ಎಷ್ಟು ವಿದ್ಯುತ್ ಬೇಕು, ನೆಲದ ಮೇಲೆ ಎಷ್ಟು ಭಾರ ಬೀಳುತ್ತದೆ, ದುರಸ್ತಿಗೆ ಸುತ್ತ ಎಷ್ಟು ತೆರವು ಬಿಡಬೇಕು ಎಂಬುದಷ್ಟೇ ಅವನ ಪ್ರಶ್ನೆ. ಮೊದಲನೆಯ ಮಾದರಿಯಲ್ಲಿ ಎರಡನೆಯವನ ಪ್ರಶ್ನೆಗಳಿಗೆ ಉತ್ತರ ಪೂರ್ಣವಾಗಿ ಇರುವುದಿಲ್ಲ. ಆದ್ದರಿಂದ ಬೇಡದ್ದನ್ನು ತೆಗೆದು, ಇಲ್ಲದ್ದನ್ನು ಸೇರಿಸುವುದೇ ಈ ಸಾಗಣೆಯ ತಿರುಳು.

ಬಿಲ್ಬಾವೊದ ಉದಾಹರಣೆ

ಈ ಎರಡು ಲೋಕಗಳನ್ನು ಒಂದುಗೂಡಿಸಿದ ಪ್ರಸಿದ್ಧ ಪ್ರಸಂಗವೆಂದರೆ ಸ್ಪೇನಿನ ಬಿಲ್ಬಾವೊ ನಗರದಲ್ಲಿ 1997ರಲ್ಲಿ ತೆರೆದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯ. ಟೈಟಾನಿಯಂ ತಗಡು ಹೊದ್ದ ಅದರ ಬಾಗು ಮೈಗಳನ್ನು ಅಂದಿನ ಕಟ್ಟಡ ತಂತ್ರಾಂಶಗಳಲ್ಲಿ ನಿರೂಪಿಸುವುದು ದುಸ್ತರವಾಗಿತ್ತು. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅವರ ತಂಡವು ವಿಮಾನ ವಿನ್ಯಾಸಕ್ಕೆಂದು ಹುಟ್ಟಿದ ಕಟಿಯಾವನ್ನು ಇದಕ್ಕೆ ಬಳಸಿತು. ಈ ಅನುಭವದ ಬಲದಿಂದ 2002ರಲ್ಲಿ ಗೆಹ್ರಿ ಟೆಕ್ನಾಲಜೀಸ್ ಎಂಬ ಸಂಸ್ಥೆಯೂ ಆರಂಭವಾಯಿತು. ಆದರೆ ಇಡೀ ಕಟ್ಟಡವನ್ನೇ ಯಂತ್ರದ ತಂತ್ರಾಂಶಕ್ಕೆ ಒಯ್ಯುವ ಈ ಮಾರ್ಗವು ಎಲ್ಲರಿಗೂ ಎಟುಕುವಂಥದ್ದಲ್ಲ. ನಿತ್ಯದ ನಿರ್ಮಾಣಗಳಲ್ಲಿ ಆಗಬೇಕಾದುದು ಇದರ ವಿಲೋಮ: ಯಂತ್ರವು ಕಟ್ಟಡದ ತಂತ್ರಾಂಶಕ್ಕೆ ಬರಬೇಕು.

ನಡುವಿನ ಭಾಷೆಗಳು

ಒಂದು ತಂತ್ರಾಂಶದ ಕಡತವನ್ನು ಇನ್ನೊಂದು ನೇರವಾಗಿ ಓದಲಾರದಾಗ ಇಬ್ಬರಿಗೂ ಅರ್ಥವಾಗುವ ಮಧ್ಯಸ್ಥ ರೂಪ ಬೇಕಾಗುತ್ತದೆ. 1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಐಜಸ್ ಇಂಥ ಆರಂಭದ ಪ್ರಯತ್ನ. ಅದರಲ್ಲಿ ಮೇಲ್ಮೈಗಳು ಬಿಡಿಬಿಡಿಯಾಗಿ ಬಂದು, ಘನವಸ್ತು ಟೊಳ್ಳು ಚಿಪ್ಪಿನಂತಾಗುವ ದೋಷ ಸಾಮಾನ್ಯವಾಗಿತ್ತು. 1994ರಿಂದ ಐಎಸ್‌ಒ 10303 ಎಂಬ ಅಂತರರಾಷ್ಟ್ರೀಯ ಮಾನಕವಾಗಿ ಬಂದ ಸ್ಟೆಪ್ ಹೆಚ್ಚು ವಿಶ್ವಾಸಾರ್ಹವಾದುದು; ಯಂತ್ರ ವಿನ್ಯಾಸದ ಬಹುತೇಕ ತಂತ್ರಾಂಶಗಳು ಅದನ್ನು ಬರೆಯುತ್ತವೆ, ಓದುತ್ತವೆ. ಏಸಿಸ್ ಎಂಬ ಜ್ಯಾಮಿತಿ ತಿರುಳಿಗೆ ಸೇರಿದ ಸ್ಯಾಟ್ ಕಡತವೂ ಬಹುಕಾಲ ರೆವಿಟ್‌ಗೆ ಘನರೂಪಗಳನ್ನು ತರುವ ರೂಢಿಯ ದಾರಿಯಾಗಿತ್ತು.

ಈ ಮೂರೂ ಆಕಾರವನ್ನು ಹೊತ್ತು ತರುತ್ತವೆ. ಆದರೆ ಬಂದ ವಸ್ತು ಪಂಪೋ, ಬಾಗಿಲೋ ಎಂಬುದನ್ನು ಕಟ್ಟಡದ ತಂತ್ರಾಂಶಕ್ಕೆ ತಿಳಿಸುವುದಿಲ್ಲ. ಆ ಕೊರತೆಯನ್ನು ತುಂಬಲು ರೂಪುಗೊಂಡದ್ದು ಐಎಫ್‌ಸಿ. ಇಂದು ಬಿಲ್ಡಿಂಗ್‌ಸ್ಮಾರ್ಟ್ ಎಂದು ಕರೆಯಲಾಗುವ ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ನಿರ್ವಹಿಸುತ್ತಿದ್ದು, 2013ರಲ್ಲಿ ಇದು ಐಎಸ್‌ಒ 16739 ಮಾನಕವಾಯಿತು. ಗೋಡೆ, ಪಂಪು, ಚಿಲ್ಲರ್ ಎಂಬ ವರ್ಗಗಳೇ ಇದರಲ್ಲಿ ಇವೆ. ಸ್ಟೆಪ್‌ಗೆಂದು ರೂಪಿಸಿದ ಎಕ್ಸ್‌ಪ್ರೆಸ್ ಎಂಬ ನಿರೂಪಣಾ ಭಾಷೆಯಲ್ಲೇ ಐಎಫ್‌ಸಿಯನ್ನೂ ಬರೆಯಲಾಗಿರುವುದರಿಂದ ಇವೆರಡೂ ಒಂದೇ ವಂಶದವು ಎನ್ನಬಹುದು. ಆದರೆ ಕಳುಹಿಸುವವರು ವರ್ಗವನ್ನು ಸೂಚಿಸದಿದ್ದರೆ ಯಂತ್ರವು ಪ್ರಾಕ್ಸಿ ಎಂಬ ಗುರುತಿಲ್ಲದ ವರ್ಗಕ್ಕೆ ಸೇರಿಹೋಗುತ್ತದೆ. ಆಗ ಯಂತ್ರಗಳ ಪಟ್ಟಿ ಮಾಡಿದರೆ ಅದರ ಹೆಸರೇ ಇರುವುದಿಲ್ಲ.

ಹಾಗೆಯೇ ಸಾಗಿಸಿದರೆ ಆಗುವ ತೊಂದರೆಗಳು

ಸರಳಗೊಳಿಸದ ಮಾದರಿಯನ್ನು ತಂದಾಗ ಮೊದಲು ಅನುಭವಕ್ಕೆ ಬರುವುದು ಭಾರ. ಸಾವಿರಾರು ಬಿಡಿಭಾಗಗಳಿರುವ ಒಂದು ಚಿಲ್ಲರ್ ಅನ್ನು ಕಟ್ಟಡದಲ್ಲಿ 4 ಕಡೆ ಇಟ್ಟರೆ ಪ್ರತಿ ನೋಟದಲ್ಲೂ ಗಣಕವು ಆ ಎಲ್ಲ ಗೆರೆಗಳನ್ನು ಚಿತ್ರಿಸಬೇಕಾಗಿ, ಕೆಲಸ ಕುಂಟುತ್ತದೆ.

ಎರಡನೆಯದು ಸಣ್ಣ ಅಂಚುಗಳ ತೊಡಕು. ರೆವಿಟ್ ಸುಮಾರು 0.8 ಮಿಲಿಮೀಟರಿಗಿಂತ ಚಿಕ್ಕದಾದ ಗೆರೆಯನ್ನು ಒಪ್ಪುವುದಿಲ್ಲ. ಯಂತ್ರದ ಮಾದರಿಯಲ್ಲಾದರೋ ಅದಕ್ಕಿಂತ ಕಿರಿದಾದ ಅಂಚುಗಳು ಹೇರಳ. ಪರಿಣಾಮವಾಗಿ ಕೆಲವು ಭಾಗಗಳು ಬಾರದೇ ಉಳಿಯಬಹುದು, ಇಲ್ಲವೇ ಘನವಾಗಿದ್ದದ್ದು ಹರಿದ ಮೈಯಾಗಿ ಬರಬಹುದು.

ಮೂರನೆಯದು ಅಳತೆ ಮತ್ತು ದಿಕ್ಕಿನ ಗೊಂದಲ. ಮಿಲಿಮೀಟರಿನಲ್ಲಿ ಬರೆದ ಕಡತವನ್ನು ಅಂಗುಲವೆಂದು ಓದಿದರೆ ಯಂತ್ರ 25.4 ಪಟ್ಟು ದೊಡ್ಡದಾಗುತ್ತದೆ. ಇಂಥ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ. ಸಾಲಿಡ್‌ವರ್ಕ್ಸ್‌ನಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ವೈ ಅಕ್ಷವು ಮೇಲ್ಮುಖವಾಗಿದ್ದರೆ, ಕಟ್ಟಡ ತಂತ್ರಾಂಶಗಳಲ್ಲಿ ಜೆಡ್ ಅಕ್ಷ ಮೇಲ್ಮುಖ. ಇದನ್ನು ಸರಿಪಡಿಸದಿದ್ದರೆ ಯಂತ್ರವು ಬೆನ್ನಡಿಯಾಗಿ ಮಲಗುತ್ತದೆ. ಯಂತ್ರದ ಮೂಲಬಿಂದು ಎಲ್ಲೋ ಒಳಗಿನ ದಂಡದ ಮಧ್ಯದಲ್ಲಿದ್ದರೆ ಅದನ್ನು ನೆಲದ ಮಟ್ಟಕ್ಕೆ ಸರಿಯಾಗಿ ಕೂರಿಸುವುದೂ ಕಷ್ಟ.

ಇವೆಲ್ಲಕ್ಕಿಂತ ಭಿನ್ನವಾದ ನಾಲ್ಕನೆಯ ತೊಂದರೆ ತಯಾರಕರದು. ಒಳಗಿನ ರಚನೆಯೆಲ್ಲ ಇರುವ ಮಾದರಿಯನ್ನು ಹಂಚಿದರೆ ವರ್ಷಗಳ ಪರಿಶ್ರಮದ ಗುಟ್ಟು ಪ್ರತಿಸ್ಪರ್ಧಿಗಳ ಕೈ ಸೇರೀತೆಂಬ ಆತಂಕ ಅವರಿಗೆ ಸಹಜ.

ಸರಳೀಕರಣದ ಕ್ರಮ

ಆದ್ದರಿಂದ ಸಾಗಣೆಗೆ ಮುನ್ನ ಮೂಲ ಮಾದರಿಯ ಪ್ರತಿಯೊಂದನ್ನು ಮಾಡಿಕೊಂಡು ಅದನ್ನು ಸರಳಗೊಳಿಸುವುದು ಸರಿಯಾದ ವಿಧಾನ. ಇನ್ವೆಂಟರ್‌ನಿಂದ ರೆವಿಟ್‌ಗೆ ಹೋಗುವ ದಾರಿಯಲ್ಲಿ ಈ ಕೆಲಸ ಹೀಗೆ ನಡೆಯುತ್ತದೆ. ಮೊದಲು ಹೊರಗಿನಿಂದ ಕಾಣದ ಭಾಗಗಳನ್ನೆಲ್ಲ ಕೈಬಿಡಲಾಗುತ್ತದೆ. ಬಳಿಕ ನಟ್ಟು, ಬೋಲ್ಟು, ವಾಷರುಗಳು ಹೋಗುತ್ತವೆ. ಉಳಿದ ಭಾಗಗಳಲ್ಲಿನ ಸಣ್ಣ ರಂಧ್ರಗಳನ್ನು ಮುಚ್ಚಿ, ದುಂಡಗಿನ ಅಂಚುಗಳನ್ನು ನೇರಗೊಳಿಸಲಾಗುತ್ತದೆ. ಕೊನೆಗೆ ಉಳಿದದ್ದೆಲ್ಲ ಒಂದೇ ಘನವಸ್ತುವಾಗಿ ಬೆಸೆಯುತ್ತದೆ. ಇದಕ್ಕೆಂದೇ ಇನ್ವೆಂಟರ್‌ನಲ್ಲಿ ಸರಳೀಕರಣದ ಸಲಕರಣೆಯಿದ್ದು, ಫಲಿತಾಂಶವನ್ನು ರೆವಿಟ್‌ನ ಫ್ಯಾಮಿಲಿ ಕಡತವಾಗಿಯೇ ಉಳಿಸಬಹುದು. ಬೇರೆ ತಂತ್ರಾಂಶ ಬಳಸುವವರು ಇದೇ ಕೆಲಸವನ್ನು ಕೈಯಾರೆ ಮಾಡಿ ಸ್ಟೆಪ್, ಸ್ಯಾಟ್ ಅಥವಾ ಐಎಫ್‌ಸಿ ಮೂಲಕ ಕಳುಹಿಸಬೇಕು. ಹೀಗೆ ಮಾಡಿದಾಗ ಕಡತ ಹಗುರವಾಗುವುದಲ್ಲದೆ ತಯಾರಕರ ಗುಟ್ಟೂ ಉಳಿಯುತ್ತದೆ.

ಆದರೆ ಸರಳೀಕರಣಕ್ಕೆ ಮಿತಿಯುಂಟು. ಕೊಳವೆ ಸೇರುವ ಫ್ಲೇಂಜ್, ನೆಲಕ್ಕೆ ಬಿಗಿಯುವ ರಂಧ್ರ, ಎತ್ತಲು ಇರುವ ಕೊಕ್ಕೆ, ತೆರೆಯುವ ಬಾಗಿಲು ಇವುಗಳ ಸ್ಥಾನ ಮೂಲದಲ್ಲಿ ಎಲ್ಲಿದೆಯೋ ಅಲ್ಲೇ ಇರಬೇಕು. ರಂಧ್ರಗಳನ್ನು ಗಾತ್ರ ನೋಡಿ ಮುಚ್ಚುವ ಭರದಲ್ಲಿ ಅಡಿಪಾಯದ ಬೋಲ್ಟಿನ ರಂಧ್ರವನ್ನೂ ಮುಚ್ಚಿಬಿಡುವುದು ಹೊಸಬರು ಮಾಡುವ ತಪ್ಪು.

ಸೇರಿಸಬೇಕಾದ ಮಾಹಿತಿ

ಆಕಾರ ಬಂದ ಮೇಲೆ ಅರ್ಧ ಕೆಲಸವಷ್ಟೇ ಮುಗಿದಂತೆ. ರೆವಿಟ್‌ನಲ್ಲಿ ಅದನ್ನು ಯಾಂತ್ರಿಕ ಉಪಕರಣವೆಂಬ ವರ್ಗಕ್ಕೆ ಸೇರಿಸಿ, ನೀರು ಒಳಬರುವ ಮತ್ತು ಹೊರಹೋಗುವ ಬಾಯಿಗಳಲ್ಲಿ ಸಂಪರ್ಕ ಬಿಂದುಗಳನ್ನು ಇಡಬೇಕು. ಕೊಳವೆಯ ವ್ಯಾಸ, ಹರಿವಿನ ದಿಕ್ಕು, ನೀರಿನ ಪ್ರಮಾಣ, ವಿದ್ಯುತ್ತಿನ ವೋಲ್ಟೇಜ್ ಮತ್ತು ಹೊರೆ ಆ ಬಿಂದುಗಳಿಗೆ ಸೇರಿದ ಮಾಹಿತಿ. ಇವು ಇದ್ದರೆ ಮಾತ್ರ ಇಡೀ ಕಟ್ಟಡದ ಕೊಳವೆ ಜಾಲವನ್ನು ತಂತ್ರಾಂಶವು ಲೆಕ್ಕಹಾಕಬಲ್ಲದು.

ತೂಕದ ವಿಷಯದಲ್ಲೂ ಎಚ್ಚರಿಕೆ ಅಗತ್ಯ. ಯಂತ್ರದ ತಂತ್ರಾಂಶವು ಲೋಹದ ಗಾತ್ರದಿಂದ ಲೆಕ್ಕಹಾಕಿ ಕೊಡುವುದು ಒಣ ತೂಕ. ಚಿಲ್ಲರ್ ಓಡುವಾಗ ಅದರಲ್ಲಿ ನೀರು ತುಂಬಿರುತ್ತದೆ. ನೆಲದ ಕಾಂಕ್ರೀಟು ಹೊರಬೇಕಾದುದು ಆ ತುಂಬಿದ ತೂಕವನ್ನು. ಸರಳೀಕರಿಸಿದ ಮಾದರಿಯಿಂದ ತೂಕ ಲೆಕ್ಕಹಾಕುವುದಂತೂ ಪೂರ್ತಿ ತಪ್ಪು. ತಯಾರಕರ ಪಟ್ಟಿಯಲ್ಲಿ ಕೊಟ್ಟ ಅಂಕಿಯನ್ನೇ ನಮೂದಿಸಬೇಕು.

ಕಾಣದ ಖಾಲಿ ಜಾಗ

ಸಾಗಣೆಯಲ್ಲಿ ಬಹುತೇಕ ಮರೆತುಹೋಗುವುದು ಯಂತ್ರದ ಸುತ್ತ ಬಿಡಬೇಕಾದ ತೆರವು. ದೊಡ್ಡ ಚಿಲ್ಲರ್‌ಗಳಲ್ಲಿ ಉದ್ದನೆಯ ಉಕ್ಕಿನ ಕೋಶದೊಳಗೆ ಲೋಹದ ನಳಿಕೆಗಳ ಕಟ್ಟು ಇರುತ್ತದೆ. ಅವುಗಳನ್ನು ತುದಿಯಿಂದ ಬ್ರಷ್ ಹಾಕಿ ಸ್ವಚ್ಛಗೊಳಿಸಬೇಕು. ಕೆಟ್ಟಾಗ ಹೊರಗೆಳೆದು ಬದಲಿಸಬೇಕು. ಇದಕ್ಕಾಗಿ ಒಂದು ತುದಿಯಲ್ಲಿ ಹೆಚ್ಚುಕಡಿಮೆ ನಳಿಕೆಯಷ್ಟೇ ಉದ್ದದ ಜಾಗ ಖಾಲಿ ಇರಬೇಕು. ವಿದ್ಯುತ್ ಫಲಕದ ಮುಂದೆಯೂ ಹೀಗೆಯೇ. ಅಲ್ಲಿ ಕನಿಷ್ಠ 1 ಮೀಟರ್ ತೆರವು ಇರಬೇಕೆಂದು ಭಾರತದ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ವಿಧಿಸಿದ್ದವು.

ಕಾರ್ಖಾನೆಯ ದೃಷ್ಟಿಯಲ್ಲಿ ಖಾಲಿ ಜಾಗವು ಯಂತ್ರದ ಭಾಗವಲ್ಲ. ಹಾಗಾಗಿ ಮೂಲ ಮಾದರಿಯಲ್ಲಿ ಅದು ಇರುವುದೇ ಇಲ್ಲ. ಪರದೆಯ ಮೇಲೆ ತೆರವಾಗಿ ಕಾಣುವ ಆ ಜಾಗದಲ್ಲಿ ವಾಸ್ತುಶಿಲ್ಪಿ ಗೋಡೆ ಎಬ್ಬಿಸಬಹುದು, ಮತ್ತೊಬ್ಬರು ಕೊಳವೆ ಹಾಯಿಸಬಹುದು. ಯಾರದೂ ತಪ್ಪೆನಿಸದ ಈ ವಿನ್ಯಾಸವು ವರ್ಷಗಳ ನಂತರ ನಳಿಕೆ ಬದಲಿಸುವ ದಿನ ಗೋಡೆ ಒಡೆಯುವುದರಲ್ಲಿ ಮುಗಿಯುತ್ತದೆ. ಪರಿಹಾರ ಸುಲಭವಾಗಿದೆ. ತಯಾರಕರ ಕೈಪಿಡಿಯಲ್ಲಿರುವ ತೆರವಿನ ಅಳತೆಗಳನ್ನು ತೆಗೆದುಕೊಂಡು, ಯಂತ್ರದ ಫ್ಯಾಮಿಲಿಯಲ್ಲೇ ಪಾರದರ್ಶಕ ಪೆಟ್ಟಿಗೆಗಳಾಗಿ ಬಿಡಿಸಬೇಕು. ಆಗ ವಸ್ತುಗಳ ಘರ್ಷಣೆಯನ್ನು ಪತ್ತೆಮಾಡುವ ಪರೀಕ್ಷೆಯಲ್ಲಿ ಆ ಜಾಗವನ್ನು ಅತಿಕ್ರಮಿಸಿದ ಗೋಡೆ, ಕೊಳವೆಗಳೂ ಸಿಕ್ಕಿಬೀಳುತ್ತವೆ.

ಹೊರೆ ಬೀಳುವುದು ಯಾರ ಮೇಲೆ?

ಮಾಹಿತಿ ಸರಿಯಾಗಿ ಸಾಗದಿರುವುದರ ಬೆಲೆಯನ್ನು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2004ರ ವರದಿಯಲ್ಲಿ ಅಂದಾಜಿಸಿತು. ಆ ದೇಶದ ಬೃಹತ್ ಕಟ್ಟಡ ಹಾಗೂ ಸ್ಥಾವರಗಳ ಕ್ಷೇತ್ರದಲ್ಲಿ ತಂತ್ರಾಂಶಗಳ ನಡುವಿನ ಹೊಂದಾಣಿಕೆಯ ಕೊರತೆಯಿಂದ 2002ರಲ್ಲಿ 1,580 ಕೋಟಿ ಡಾಲರ್ ನಷ್ಟವಾಗಿತ್ತು. ಅದರಲ್ಲಿ ಸುಮಾರು 1,060 ಕೋಟಿ ಡಾಲರ್, ಎಂದರೆ ಮೂರನೆಯ ಎರಡು ಭಾಗದಷ್ಟು, ಬಿದ್ದದ್ದು ಕಟ್ಟಡದ ಮಾಲೀಕರು ಮತ್ತು ನಿರ್ವಾಹಕರ ಮೇಲೆ. ವಿನ್ಯಾಸದ ಕೋಣೆಯಲ್ಲಿ ಬಿಟ್ಟುಹೋದ ಮಾಹಿತಿಗೆ ದಂಡ ತೆರುವವರು ಆ ಕೋಣೆಯಲ್ಲಿ ಇರದಿದ್ದವರು ಎಂಬುದನ್ನು ಈ ಅಂಕಿ ತೋರಿಸುತ್ತದೆ.

ಈ ಕಾರಣದಿಂದ ಸಾಗಣೆ ಮುಗಿದೊಡನೆ ಖಾಲಿ ಕಡತವೊಂದರಲ್ಲಿ ಯಂತ್ರವನ್ನು ಇಟ್ಟು ಪರಿಶೀಲಿಸುವುದು ಒಳಿತು. ಉದ್ದ, ಅಗಲ, ಎತ್ತರಗಳು ತಯಾರಕರ ನಕ್ಷೆಗೆ ತಾಳೆಯಾಗಬೇಕು. ನೆಲದಿಂದ ಪ್ರತಿ ಕೊಳವೆಯ ಬಾಯಿಗಿರುವ ಎತ್ತರವನ್ನು ಅಳೆಯಬೇಕು. ವರ್ಗ, ತುಂಬಿದ ತೂಕ, ವಿದ್ಯುತ್ ಹೊರೆ, ತೆರವಿನ ಪೆಟ್ಟಿಗೆಗಳು ಇವೆಯೇ ಎಂದು ನೋಡಬೇಕು. ತಯಾರಕರ ಯಾವ ಆವೃತ್ತಿಯ ಮಾದರಿಯಿಂದ ಇದನ್ನು ತಯಾರಿಸಲಾಯಿತು ಎಂಬುದನ್ನು ಬರೆದಿಡುವುದೂ ಅಷ್ಟೇ ಮುಖ್ಯ. ಕಾರ್ಖಾನೆಯಲ್ಲಿ ಫ್ಲೇಂಜಿನ ಸ್ಥಾನ ಬದಲಾದರೆ ಸರಳೀಕರಿಸಿದ ಪ್ರತಿಯು ತಾನಾಗಿ ಬದಲಾಗದು. ಯಂತ್ರಕ್ಕೆ ಬೇಡಿಕೆ ಸಲ್ಲಿಸುವ ಮುನ್ನ ಎರಡನ್ನೂ ಮತ್ತೊಮ್ಮೆ ಹೋಲಿಸಿ ನೋಡಬೇಕು.