ನೆಲದಲ್ಲಿ ದೊರೆಯುವ ಹಳೆಯ ಸ್ಮಾರಕ ಪದಕ ಹಾಗೂ ಬಿಲ್ಲೆಗಳನ್ನು ಗುರುತಿಸುವ ಬಗ್ಗೆ

ಉಡುಪಿ, ಮಣಿಪಾಲ, ಕಾಪು ಹಾಗೂ ಕಾರ್ಕಳ ಪರಿಸರದಲ್ಲಿ ಅಡಿಪಾಯ, ಬಾವಿ ಅಥವಾ ತೋಟದ ಕೆಲಸಕ್ಕಾಗಿ ಮಣ್ಣು ಅಗೆಯುವಾಗ, ಮಳೆಗಾಲದ ಕೊರೆತದ ನಂತರ ಕಡಲತೀರದಲ್ಲಿ, ಇಲ್ಲವೇ ಲೋಹಶೋಧಕ ಯಂತ್ರದ ಸಹಾಯದಿಂದ ಹಳೆಯ ಪದಕ, ಬಿಲ್ಲೆಗಳು ದೊರೆತಲ್ಲಿ ಅವುಗಳನ್ನು ಗುರುತಿಸುವ ಹಾಗೂ ಮುಂದಿನ ಕ್ರಮ ಕೈಗೊಳ್ಳುವ ಕುರಿತು ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ದೊರೆತ ವಸ್ತುವನ್ನು ಹುಣಸೆಹುಳಿ, ಲಿಂಬೆರಸ ಅಥವಾ ಬೂದಿಯಿಂದ ತಿಕ್ಕಬಾರದು. ಮಣ್ಣನ್ನು ಮೆತ್ತಗೆ ನೀರಿನಲ್ಲಿ ಕಳೆದು, ನೆರಳಿನಲ್ಲಿ ಒಣಗಿಸಿ, ಮೊದಲು ಅಂಚನ್ನು ಭೂತಗನ್ನಡಿಯಲ್ಲಿ ನೋಡತಕ್ಕದ್ದು. ಸೈನಿಕರಿಗೆ ನೀಡಲಾದ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸಂಖ್ಯೆ, ಹುದ್ದೆ, ಹೆಸರು ಹಾಗೂ ದಳವನ್ನು ಸಣ್ಣ ಅಕ್ಷರಗಳಲ್ಲಿ ಒತ್ತಲಾಗಿರುತ್ತದೆ. ಈ ಒಂದು ಸಾಲು ಉಳಿದಿದ್ದಲ್ಲಿ ಪದಕವು ಯಾವ ಮನೆಯದೆಂದು ಪತ್ತೆಹಚ್ಚಲು ದಾರಿಯಿರುತ್ತದೆ. ತಿಕ್ಕಿ ಅಳಿಸಿದಲ್ಲಿ ಅದು ಕೇವಲ ತೂಕದ ಬೆಳ್ಳಿಯಾಗುತ್ತದೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್ 36 ಮಿ.ಮೀ. ವ್ಯಾಸವುಳ್ಳದ್ದಾಗಿದ್ದು, ಕುದುರೆ ಸವಾರನ ಚಿತ್ರದೊಡನೆ 1914 ಹಾಗೂ 1918 ಎಂಬ ವರ್ಷಗಳನ್ನು ಹೊಂದಿರುತ್ತದೆ. ಎರಡನೆಯ ಮಹಾಯುದ್ಧದ ಇಂಡಿಯಾ ಸರ್ವಿಸ್ ಮೆಡಲ್ ಬೆಳ್ಳಿಯದಲ್ಲ, ತಾಮ್ರ-ನಿಕಲ್ ಮಿಶ್ರಲೋಹದ್ದು; ಅದರ ಹಿಂಬದಿಯಲ್ಲಿ ಭಾರತದ ಭೂಪಟವಿದೆ. 1947ರ ಸ್ವಾತಂತ್ರ್ಯ ಪದಕದಲ್ಲಿ ಒಂದು ಬದಿಗೆ ಅಶೋಕ ಚಕ್ರದ ಮೇಲೆ ಕಿರೀಟ, ಇನ್ನೊಂದು ಬದಿಗೆ ಸಿಂಹಶಿರಗಳು ಇರುತ್ತವೆ. ಚಕ್ರವೂ ಕಿರೀಟವೂ ಒಟ್ಟಿಗೆ ಕಂಡ ಮಾತ್ರಕ್ಕೆ ಅದನ್ನು ನಕಲಿಯೆಂದು ಭಾವಿಸಬೇಕಾಗಿಲ್ಲ.

ರಾಜ ಹಾಗೂ ರಾಣಿಯ ಜೋಡಿ ಮುಖವಿದ್ದು, ಹಿಂಬದಿಯಲ್ಲಿ ಪಾರ್ಸಿ ಲಿಪಿಯಿದ್ದಲ್ಲಿ ಅದು 1911ರ ದೆಹಲಿ ದರ್ಬಾರಿನ ಪದಕವಾಗಿರುವ ಸಂಭವ ಹೆಚ್ಚು. ಜೋಡಿ ಮುಖದೊಡನೆ 1910 ಮತ್ತು 1935 ಎಂಬ ಎರಡು ವರ್ಷಗಳಿದ್ದಲ್ಲಿ ಐದನೆಯ ಜಾರ್ಜ್ ದೊರೆಯ ರಜತೋತ್ಸವದ್ದೆಂದು ತಿಳಿಯಬಹುದು.

ಡವಾಲಿ ಪಟ್ಟಿಯ ಹಿತ್ತಾಳೆ ಬಿಲ್ಲೆಗಳಲ್ಲಿ ವರ್ಷ ಇಲ್ಲದಿದ್ದಲ್ಲಿ ಸರ್ಕಾರದ ಹೆಸರೇ ಆಧಾರ. ಈ ಪ್ರದೇಶವು 1956ರ ನವೆಂಬರ್ 1ರವರೆಗೆ ಮದರಾಸಿಗೆ, ಆ ನಂತರ ಮೈಸೂರು ರಾಜ್ಯಕ್ಕೆ ಸೇರಿದ್ದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಉಡುಪಿ ಜಿಲ್ಲೆ ರಚನೆಯಾದದ್ದು 1997ರಲ್ಲಿ.

ರಾಮ, ಹನುಮಂತರ ಚಿತ್ರದೊಡನೆ 1818 ಹಾಗೂ ಈಸ್ಟ್ ಇಂಡಿಯಾ ಕಂಪನಿಯ ಅರ್ಧ ಆಣೆ ಎಂದು ಬರೆದಿರುವ ಬಿಲ್ಲೆಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಕಂಪನಿಯು ಇಂತಹ ನಾಣ್ಯವನ್ನು ಟಂಕಿಸಿರಲಿಲ್ಲ. ಅದರ ಏಕರೂಪ ನಾಣ್ಯ ವ್ಯವಸ್ಥೆ ಬಂದದ್ದೇ 1835ರಲ್ಲಿ. ಇವು ನಂತರದ ಕಾಲದಲ್ಲಿ ತಯಾರಾದ ಬಿಲ್ಲೆಗಳಾಗಿವೆ. ಹಳೆಯ ತಾಮ್ರವು ಅಕ್ಕಿಕಾಳನ್ನು ಸೆಳೆಯುತ್ತದೆ, ಅದರಲ್ಲಿ ಇರಿಡಿಯಂ ಇದೆ, ಕೋಟಿ ರೂಪಾಯಿ ಬೆಲೆಯಿದೆ ಎಂದು ನಂಬಿಸಿ, ಪರೀಕ್ಷಾ ಶುಲ್ಕವೆಂದು ಮುಂಗಡ ಹಣ ಪಡೆಯುವುದು ಶುದ್ಧ ವಂಚನೆ. ತಾಮ್ರಕ್ಕೆ ಅಂತಹ ಗುಣವಿಲ್ಲ. ಹಣ ಕೇಳಿದಲ್ಲಿ ಕೂಡಲೇ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡತಕ್ಕದ್ದು.

ಲೋಹಶೋಧಕ ಯಂತ್ರ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲೆಂದರಲ್ಲಿ ಅಗೆಯುವ ಹಕ್ಕು ದೊರೆಯುವುದಿಲ್ಲ. ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಬೇಕು. ಕಾರ್ಕಳದ ಗೊಮ್ಮಟ ಬೆಟ್ಟ, ಚತುರ್ಮುಖ ಬಸದಿಯಂತಹ ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದನ್ವಯ ಅಪರಾಧವಾಗಿದ್ದು, 2010ರ ತಿದ್ದುಪಡಿಯಂತೆ 2 ವರ್ಷಗಳವರೆಗೆ ಕಾರಾಗೃಹವಾಸ ಅಥವಾ 1 ಲಕ್ಷ ರೂಪಾಯಿವರೆಗೆ ಜುಲ್ಮಾನೆ, ಇಲ್ಲವೇ ಎರಡನ್ನೂ ವಿಧಿಸಬಹುದಾಗಿದೆ.

ನೆಲದಲ್ಲಿ ಹುದುಗಿದ್ದ ಬೆಲೆಯುಳ್ಳ ವಸ್ತುವಿನ ಬಗ್ಗೆ ಕರ್ನಾಟಕದ 1962ರ ನಿಧಿ ಅಧಿನಿಯಮದಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತ ಸೂಚನೆ ನೀಡತಕ್ಕದ್ದು. ನಿರ್ಣಯವಾಗುವವರೆಗೆ ಮಾರುವುದು, ಕರಗಿಸುವುದು ಸಲ್ಲದು. 1972ರ ಪುರಾತನ ವಸ್ತು ಅಧಿನಿಯಮದನ್ವಯ ಐತಿಹಾಸಿಕ ಮಹತ್ವವಿರುವ, 100 ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ದರ್ಬಾರಿನ ಪದಕ ಈಗಾಗಲೇ ಆ ವಯಸ್ಸನ್ನು ದಾಟಿರುವುದರಿಂದ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವವರು ರಜೆಗೆ ಬಂದು ಹಿಂತಿರುಗುವಾಗ ಇದನ್ನು ಗಮನದಲ್ಲಿಡುವುದು ಒಳಿತು.

ಸೂಚನೆಯಲ್ಲಿ ವಸ್ತುವಿನ ವಿವರ, ಅಂದಾಜು ಮೌಲ್ಯ, ದೊರೆತ ದಿನಾಂಕ ಹಾಗೂ ಸ್ಥಳವನ್ನು ನಮೂದಿಸಬೇಕು. ಸರ್ವೆ ನಂಬ್ರ, ಅಗೆದ ಆಳ ಹಾಗೂ ಎರಡೂ ಬದಿ ಮತ್ತು ಅಂಚಿನ ಛಾಯಾಚಿತ್ರ ಲಗತ್ತಿಸಿದಲ್ಲಿ ಪರಿಶೀಲನೆ ಸುಲಭವಾಗುತ್ತದೆ. ಸೂಚನೆಯನ್ನು ಜಿಲ್ಲಾಧಿಕಾರಿಗಳ ಕಚೇರಿ, ರಜತಾದ್ರಿ, ಮಣಿಪಾಲ ಇಲ್ಲಿಗೆ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು.