ಗರ್ಭಿಣೀಪತಿಯ ವ್ರತ

ತಾಯಿಯಾಗುವವಳ ದೇಹದ ಮಾರ್ಪಾಡಿಗೆ ಲೋಕವೆಲ್ಲ ಸಾಕ್ಷಿಯಾಗಿರುವಾಗ, ತಂದೆಯಾಗಲಿರುವವನ ಅಂತರಂಗದಲ್ಲಿ ಸದ್ದಿಲ್ಲದೆ ನಡೆಯುವ ಪರಿವರ್ತನೆಗೂ ಒಂದು ಆಚಾರದ ರೂಪವನ್ನು ಕೊಟ್ಟವರು ನಮ್ಮ ಪ್ರಾಚೀನರು. ಆಶ್ವಲಾಯನ ಗೃಹ್ಯಸೂತ್ರವು ಗರ್ಭದ 4ನೆಯ ತಿಂಗಳಿಗೆ ವಿಧಿಸಿದ ಸೀಮಂತೋನ್ನಯನದಲ್ಲಿ, ಎಳೆಗಾಯಿಗಳ ಗೊಂಚಲು, ಮೂರು ಬಿಳಿಯ ಗುರುತುಗಳುಳ್ಳ ಮುಳ್ಳುಹಂದಿಯ ಮುಳ್ಳು, ದರ್ಭೆಯ ಮೂರು ಕಟ್ಟು ಇವನ್ನು ಹಿಡಿದು, ‘ಭೂರ್ಭುವಃ ಸ್ವಃ’ ಎಂಬ ವ್ಯಾಹೃತಿಗಳನ್ನು ಉಚ್ಚರಿಸುತ್ತ, ಪತಿಯು ತನ್ನ ಕೈಯಿಂದಲೇ ಪತ್ನಿಯ ಬೈತಲೆಯನ್ನು ಮೂರು ಬಾರಿ ಮೇಲ್ಮುಖವಾಗಿ ತೆಗೆಯಬೇಕು. ವೀಣಾಗಾಯಕರಿಬ್ಬರು ಸೋಮರಾಜನನ್ನು ಹಾಡಬೇಕು. ಬೇಟೆಗೂ ಬೇಸಾಯಕ್ಕೂ ಒಗ್ಗಿ ಒರಟಾದ ಕೈ ಆ ಕೂದಲ ನಡುವೆ ಎಷ್ಟು ಮೆಲ್ಲನೆ ಸರಿದಿರಬೇಕು!

ಗರ್ಭಿಣಿಯ ಬಯಕೆಯನ್ನು ಸಲ್ಲಿಸದಿದ್ದರೆ ಗರ್ಭಕ್ಕೆ ದೋಷವೆಂದು ಯಾಜ್ಞವಲ್ಕ್ಯ ಸ್ಮೃತಿ ಎಚ್ಚರಿಸಿತು. ಅನಂತರದ ಧರ್ಮಗ್ರಂಥಗಳು ಗರ್ಭಿಣೀಪತಿಗೆ ಕ್ಷೌರ, ದೂರಪ್ರಯಾಣ, ಸಮುದ್ರಸ್ನಾನ, ಮರ ಕಡಿಯುವುದು, ಶವ ಹೊರುವುದು ಮೊದಲಾದವನ್ನು ನಿಷೇಧಿಸಿದುವು. ನಮ್ಮ ನಾಡಿನ ವೈದಿಕ ಮನೆತನಗಳಲ್ಲಿ, ಗಡ್ಡ ಬಿಟ್ಟ ತರುಣನನ್ನು ಕಂಡೊಡನೆ ಹಿರಿಯರು ಮನೆಯ ಶುಭವಾರ್ತೆಯನ್ನು ಊಹಿಸುತ್ತಿದ್ದುದುಂಟು.

ಆಂಗ್ಲ ಮಾನವಶಾಸ್ತ್ರಜ್ಞ ಟೈಲರನು 1865ರ ತನ್ನ ಗ್ರಂಥದಲ್ಲಿ, ಶಿಶುಜನನದ ಕಾಲಕ್ಕೆ ತಂದೆಯೇ ಪಥ್ಯ ಹಿಡಿದು ಮಲಗುವ, ಇವನ್ನು ಹೋಲುವ ಆಚಾರಗಳನ್ನು ‘ಕುವಾದ್’ ಎಂಬ ಹೆಸರಿನಲ್ಲಿ ಚರ್ಚಿಸಿದನು. ಗರ್ಭಿಣೀಪತಿಯ ನಿಷೇಧಗಳ ಕಾರಣವು ಏನೇ ಇರಲಿ, ಕನ್ನಡಿಯಲ್ಲಿ ಬೆಳೆಯುವ ಗಡ್ಡವನ್ನು ದಿನವೂ ಕಾಣುವವನಿಗೆ, ತಾನಿನ್ನು ಒಬ್ಬನಲ್ಲವೆಂಬ ಅರಿವು ದಿನದಿನವೂ ಬಲಿಯುತ್ತಿದ್ದಿತು. ಪಿತೃತ್ವವು ಶಿಶುವಿನೊಡನೆ ಹುಟ್ಟುವುದಲ್ಲ, ಅದಕ್ಕೆ ಮೊದಲೇ ಮನಸ್ಸಿನಲ್ಲಿ ಗರ್ಭಕಟ್ಟುವುದೆಂಬುದೇ ಈ ವ್ರತದ ಹೃದಯ.